ಕಾಡು ಈರುಳ್ಳಿ ಯಾವ ಕುಟುಂಬದ್ದು? ಬಯಲುಸೀಮೆಯ ಒಂದು ಗಡ್ಡೆ, ಎರಡು ವರ್ಗೀಕರಣ

ಮಧುಗಿರಿ, ಪಾವಗಡ, ಗುಡಿಬಂಡೆ, ಮುಳಬಾಗಿಲು ಕಡೆ ಕಲ್ಲುಗುಡ್ಡಗಳ ಬುಡದಲ್ಲಿ, ಗೋಮಾಳಗಳಲ್ಲಿ ಕಾಡು ಈರುಳ್ಳಿ ಬೆಳೆಯುತ್ತದೆ. ಕುರಿ, ದನ ಕಾಯುವವರಿಗೆ ಚೆನ್ನಾಗಿ ಗೊತ್ತಿರುವ ಗಡ್ಡೆ ಇದು. ಗಡಿ ಭಾಗದ ತೆಲುಗು ಮನೆಗಳಲ್ಲಿ ಅಡವಿ ಉಲ್ಲಿಗಡ್ಡ ಅಂತಾರೆ. ಕಾಲೇಜಿನ ಸಸ್ಯಶಾಸ್ತ್ರದ ಪಾಠದಲ್ಲಿ ಇದನ್ನು ಲಿಲಿಯೇಸೀ ಕುಟುಂಬಕ್ಕೆ ಸೇರಿಸಿ ಹೇಳಿಕೊಡುತ್ತಾ ಬಂದಿದ್ದಾರೆ. ಇಪ್ಪತ್ತೈದು ವರ್ಷ ಹಳೆಯ ಸಂಶೋಧನಾ ಲೇಖನ ತೆಗೆದರೆ ಹಯಸಿಂತೇಸೀ ಅಂತ ಇರುತ್ತದೆ. 2009ರಿಂದ ಈಚಿನದ್ದು ನೋಡಿದರೆ ಆಸ್ಪರಾಗೇಸೀ. ಇನ್ನು ಅದೇ ಗಡ್ಡೆ ಇರುವ ಜಾಗದ ಪಹಣಿ ತೆಗೆಸಿ ನೋಡಿ. ಗೋಮಾಳ, ಖರಾಬು, ಬೀಳು. ಇಷ್ಟೇ.

ಇವೆರಡೂ ವರ್ಗೀಕರಣವೇ, ಅಲ್ವಾ? ಒಂದು ಗಿಡದ್ದು, ಇನ್ನೊಂದು ಆ ಗಿಡ ನಿಂತ ನೆಲದ್ದು. ಗಿಡದ ವಿಚಾರದಲ್ಲಿ ಇನ್ನೂರು ವರ್ಷಗಳಿಂದ ವಾದ ನಡೆದಿದೆ. ಸಾಕ್ಷಿ ಕೇಳಿದ್ದಾರೆ, ತಪ್ಪು ತಿದ್ದಿದ್ದಾರೆ, ತಿದ್ದಿದ್ದನ್ನು ಮತ್ತೆ ತಿದ್ದಿದ್ದಾರೆ. ನೆಲದ ವಿಚಾರದಲ್ಲಿ ಗಿಡದ ಪ್ರಶ್ನೆಯೇ ಎದ್ದಿಲ್ಲ. ಜನ ಬೇಜಾರು ಮಾಡಿಕೊಳ್ಳುವುದು ಮೊದಲನೆಯದರ ಮೇಲೆ. 'ಈ ವಿಜ್ಞಾನಿಗಳು ಸುಮ್ನೆ ಹೆಸರು ಬದಲಾಯಿಸುತ್ತಾ ಇರ್ತಾರೆ' ಅಂತ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡನೆಯದರ ಬಗ್ಗೆ ಅನ್ನುವುದು ನನ್ನ ವಾದ. ಅದಕ್ಕೆ ಮೊದಲು ಈ ಹೆಸರುಗಳ ಕಥೆ ಸರಿಯಾಗಿ ತಿಳಿದುಕೊಳ್ಳಬೇಕು.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಹಯಸಿಂತ್ ಅಂದ ತಕ್ಷಣ ಜಾಸ್ತಿ ಜನಕ್ಕೆ ಕೆರೆ ಮೇಲೆ ತೇಲುವ ಕಳೆ ನೆನಪಾಗುತ್ತದೆ. ಆ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯಿಂದ ಬಂದದ್ದು. ಅದು ಪಾಂಟೆಡೇರಿಯೇಸೀ ಅನ್ನುವ ಬೇರೆಯೇ ಕುಟುಂಬದ್ದು. ಅದಕ್ಕೂ ಗಡ್ಡೆಯ ಹಯಸಿಂತ್‌ಗೂ ಹತ್ತಿರದ ಸಂಬಂಧ ಇಲ್ಲ. ನಿಜವಾದ ಹಯಸಿಂತ್ ಟರ್ಕಿ, ಸಿರಿಯಾ, ಲೆಬನಾನ್ ಕಡೆಯ ಗಿಡ. ಅದರ ತೋಟದ ತಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ಮಾರುವುದು ನೆದರ್‌ಲ್ಯಾಂಡ್ಸ್. ಆ ಗಡ್ಡೆ ಆನ್‌ಲೈನ್‌ನಲ್ಲಿ ತರಿಸಿಕೊಂಡು ಚಿಕ್ಕಬಳ್ಳಾಪುರದಲ್ಲೋ ತುಮಕೂರಿನಲ್ಲೋ ಕುಂಡದಲ್ಲಿಟ್ಟರೆ ಸಾಮಾನ್ಯವಾಗಿ ಒಂದು ಸಲ ಹೂ ಬಿಡುತ್ತದೆ, ಆಮೇಲೆ ಇಲ್ಲ. ಅದಕ್ಕೆ ಎರಡು ಮೂರು ತಿಂಗಳು ಗಟ್ಟಿ ಚಳಿ ಬೇಕು. ಮಾರುವವರು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಆ ಚಳಿ ಕೊಟ್ಟಿರುತ್ತಾರೆ. ನಮ್ಮ ಚಳಿಗಾಲ ಅಷ್ಟು ಕೊಡುವುದಿಲ್ಲ.

ಆದರೆ ಆ ಹಯಸಿಂತ್‌ನ ನೆಂಟರು ನಮ್ಮ ನೆಲದಲ್ಲೇ ಇದ್ದಾರೆ. ದಕ್ಷಿಣ ಭಾರತದ ಒಣ ಬಯಲಿನಲ್ಲಿ ಈ ಗುಂಪಿನ ಮೂರು ಕುಲಗಳು ಮುಖ್ಯ. ಕಾಡು ಈರುಳ್ಳಿಯ ಡ್ರಿಮಿಯಾ, ಎಲೆ ಮೇಲೆ ಚುಕ್ಕೆ ಇರುವ ಸಣ್ಣ ಗಡ್ಡೆ ಲೆಡೆಬೋರಿಯಾ, ಹುಲ್ಲಿನ ನಡುವೆ ಕಾಣಿಸದಂತೆ ಹೂ ಬಿಡುವ ಡಿಪ್ಕಾಡಿ. ಗುಂಪಿನ ಗುರುತು ಕಣ್ಣಿಗೆ ಸುಲಭ. ನೆಲದೊಳಗೆ ಪದರ ಪದರದ ಗಡ್ಡೆ. ಎಲೆಗಳೆಲ್ಲ ಬುಡದಲ್ಲೇ. ಒಂದೂ ಎಲೆಯಿಲ್ಲದ ಹೂದಂಟು. ಆರು ದಳ, ಆರು ಕೇಸರ. ಕಾಯಿಯಲ್ಲಿ ಮೂರು ಕೋಣೆ, ಒಳಗೆ ಕಪ್ಪು ಬೀಜ.

ಲಿಲಿಯೇಸೀಯಿಂದ ಆಸ್ಪರಾಗೇಸೀವರೆಗೆ

ನಮ್ಮ ದೇಶದ ಕಾಲೇಜುಗಳಲ್ಲಿ ಇಂದಿಗೂ ಕಲಿಸುವುದು ಬೆಂಥಮ್ ಮತ್ತು ಹೂಕರ್ ಪದ್ಧತಿ. 1862ರಿಂದ 1883ರ ನಡುವೆ ಪ್ರಕಟವಾದದ್ದು. ಭಾರತದ ಬಹುಪಾಲು ಹರ್ಬೇರಿಯಂಗಳಲ್ಲಿ ಒಣ ಗಿಡದ ಹಾಳೆಗಳನ್ನು ಜೋಡಿಸಿರುವುದೂ ಅದೇ ಕ್ರಮದಲ್ಲಿ. ಆ ಕಾಲದಲ್ಲಿ ಕೈಗೆ ಸಿಗುತ್ತಿದ್ದದ್ದು ಹೂವು ಮತ್ತು ಭೂತಗನ್ನಡಿ. ಆರು ದಳ, ಆರು ಕೇಸರ ಇದ್ದು, ಅಂಡಾಶಯ ದಳಗಳ ಮೇಲ್ಭಾಗದಲ್ಲಿದ್ದರೆ ಲಿಲಿಯೇಸೀಗೆ ಹಾಕು. ಅಂಡಾಶಯ ಕೆಳಗಿದ್ದರೆ ಬೇರೆ ಕಡೆ. ನಿಯಮ ಸರಳವಾಗಿತ್ತು. ಅದರಿಂದ ಲಿಲಿಯೇಸೀ ಬಹಳ ದೊಡ್ಡದಾಯಿತು. ಅಡುಗೆ ಮನೆಯ ಈರುಳ್ಳಿ, ಬೆಳ್ಳುಳ್ಳಿ, ಲೋಳೆಸರ, ಶತಾವರಿ, ಬೇಲಿ ಮೇಲೆ ಹಬ್ಬುವ ಅಗ್ನಿಶಿಖೆ, ಕಾಡು ಈರುಳ್ಳಿ ಎಲ್ಲಾ ಒಂದೇ ಮನೆಯವು ಅಂತ ಆಯಿತು.

ಇಷ್ಟು ಬೇರೆ ಬೇರೆ ಗಿಡ ಒಂದೇ ಮೂಲದವು ಇರಲಾರವು ಅನ್ನುವ ಅನುಮಾನ ಮೊದಲಿಂದಲೂ ಇತ್ತು. ಹಯಸಿಂತೇಸೀ ಅನ್ನುವ ಹೆಸರೇ 18ನೇ ಶತಮಾನದ ಕೊನೆಯದ್ದು. ಆದರೆ ಅದು ಚಲಾವಣೆಗೆ ಬಂದದ್ದು 1985ರಲ್ಲಿ ಡಾಲ್‌ಗ್ರೆನ್, ಕ್ಲಿಫರ್ಡ್, ಯಿಯೋ ಮೂವರೂ ಸೇರಿ ದೊಡ್ಡ ಲಿಲಿಯೇಸೀಯನ್ನು ಒಡೆದು ಅನೇಕ ಸಣ್ಣ ಕುಟುಂಬಗಳಾಗಿ ಮಾಡಿದ ಮೇಲೆ. ಬೀಜದ ಸಿಪ್ಪೆಯ ಕಪ್ಪು ಬಣ್ಣ, ಗಡ್ಡೆಯ ರಚನೆ, ಗಿಡದ ರಾಸಾಯನಿಕ, ಇಂಥ ಸೂಕ್ಷ್ಮ ಗುಣಗಳನ್ನೆಲ್ಲ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಆಮೇಲೆ ಡಿಎನ್‌ಎ ಬಂತು. ಹೂ ಬಿಡುವ ಗಿಡಗಳ ವಂಶಾವಳಿ ಹುಡುಕುವ ವಿಜ್ಞಾನಿಗಳ ಒಂದು ಗುಂಪು, ಎಪಿಜಿ ಅಂತ ಅದರ ಚಿಕ್ಕ ಹೆಸರು, 1998ರಲ್ಲಿ ಮೊದಲ ಪಟ್ಟಿ ಕೊಟ್ಟಿತು. ಅದರಲ್ಲಿ ಹಯಸಿಂತೇಸೀ ಸ್ವತಂತ್ರ ಕುಟುಂಬ. 2003ರ ಪಟ್ಟಿಯಲ್ಲಿ 'ಬೇಕಾದರೆ ಪ್ರತ್ಯೇಕ ಇಡಿ, ಬೇಕಾದರೆ ಆಸ್ಪರಾಗೇಸೀಗೆ ಸೇರಿಸಿ' ಎಂದು ಆಯ್ಕೆ ಬಿಟ್ಟರು. 2009ರಲ್ಲಿ ಆಯ್ಕೆ ತೆಗೆದು ಸೇರಿಸಿಯೇ ಬಿಟ್ಟರು. 2016ರ ಪಟ್ಟಿಯಲ್ಲೂ ಅದೇ ಉಳಿಯಿತು.

ಸೇರಿಸಿದ್ದು ಹೇಗೆ ಅನ್ನುವುದು ಮುಖ್ಯ. ಆಸ್ಪರಾಗೇಸೀ ಒಳಗೆ ಏಳು ಉಪಕುಟುಂಬಗಳು. ಅದರಲ್ಲಿ ಒಂದು ಸಿಲ್ಲಾಯ್ಡೀ. ಹಯಸಿಂತೇಸೀ ಅಂತ ಇದ್ದದ್ದೇ ಈಗ ಸಿಲ್ಲಾಯ್ಡೀ. ಒಳಗಿನ ಸದಸ್ಯರು ಅವರೇ. ಒಟ್ಟು ಕುಟುಂಬ ಪಾಲಾಗಿ ಬೇರೆ ಬೇರೆ ಒಲೆ ಹೂಡಿದವರು ಮತ್ತೆ ಒಂದೇ ರೇಷನ್ ಕಾರ್ಡಿಗೆ ಸೇರಿದ ಹಾಗೆ. ಗಂಡ, ಹೆಂಡತಿ, ಮಕ್ಕಳು ಯಾರೂ ಬದಲಾಗಿಲ್ಲ. ಗುಂಪು ನಿಜ. ಅದಕ್ಕೆ ಕುಟುಂಬದ ಸ್ಥಾನ ಕೊಡಬೇಕಾ, ಉಪಕುಟುಂಬದ ಸ್ಥಾನವಾ ಅನ್ನುವುದು ಒಪ್ಪಂದದ ವಿಚಾರ. ಇದನ್ನು ಒಪ್ಪದೆ ಇವತ್ತಿಗೂ ಹಯಸಿಂತೇಸೀ ಅಂತಲೇ ಬರೆಯುವ ತಜ್ಞರಿದ್ದಾರೆ. ಅವರ ತಕರಾರಿನಲ್ಲೂ ಹುರುಳಿದೆ. ಹಯಸಿಂತೇಸೀ ಗಿಡವನ್ನು ಹೊಲದ ಬದುವಿನಲ್ಲಿ ನಿಂತು ಗುರುತಿಸಬಹುದು. ಆಸ್ಪರಾಗೇಸೀಯನ್ನು ಹಾಗೆ ಗುರುತಿಸಲು ಆಗುವುದಿಲ್ಲ. ಆ ಕುಟುಂಬದವರಿಗೆಲ್ಲ ಸಾಮಾನ್ಯವಾದ, ಕಣ್ಣಿಗೆ ಬೀಳುವ ಒಂದು ಗುರುತೂ ಇಲ್ಲ.

ಹಾಗಿದ್ದರೂ ಈ ಹೊಸ ಜೋಡಣೆ ನಮ್ಮ ಜಿಲ್ಲೆಗಳ ಗಿಡಗಳನ್ನು ಹೊಸದಾಗಿ ನೋಡುವಂತೆ ಮಾಡುತ್ತದೆ. ಕಾಡು ಈರುಳ್ಳಿಗೆ ಈರುಳ್ಳಿ ಒಡಹುಟ್ಟಲ್ಲ. ಚಿಕ್ಕಬಳ್ಳಾಪುರ, ಕೋಲಾರದಿಂದ ಹೊರದೇಶಕ್ಕೆ ಹೋಗುವ, ಜಿಐ ಮಾನ್ಯತೆ ಇರುವ ಬೆಂಗಳೂರು ರೋಸ್ ಈರುಳ್ಳಿ ಈಗ ಅಮರಿಲ್ಲಿಡೇಸೀ ಕುಟುಂಬದಲ್ಲಿದೆ. ಅಂದರೆ ಪಕ್ಕದ ಮನೆ. ಕಾಡು ಈರುಳ್ಳಿಗೆ ಇನ್ನೂ ಹತ್ತಿರದವರು ಯಾರು ಗೊತ್ತಾ? ಹೊಲದ ಬೇಲಿಯ ಕತ್ತಾಳೆ. ಬಂಡೆ ಸಂದಿನ ಶತಾವರಿ. ಮತ್ತೆ ನಮ್ಮ ರೈತರು ಬೆಳೆಯುವ ಸುಗಂಧರಾಜ.

ಸುಗಂಧರಾಜದ ಕಥೆ ಇಲ್ಲಿ ಹೇಳಲೇಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಬೆಳೆಯುತ್ತಾರೆ. ಬಿಡಿ ಹೂವು ಹಾರಕ್ಕೆ, ಉದ್ದ ಕಡ್ಡಿಯ ಹೂವು ಅಲಂಕಾರಕ್ಕೆ. ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ತಳಿಗಳು ಬಂದದ್ದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ. ಗಿಡದ ಮೂಲ ಮೆಕ್ಸಿಕೋ. ಹಳೇ ಯುರೋಪಿನ ಸಸ್ಯಪುಸ್ತಕಗಳಲ್ಲಿ ಇದನ್ನು 'ಇಂಡಿಯಾದ ಹಯಸಿಂತ್' ಅಂತ ಕರೆದರು. 1753ರಲ್ಲಿ ಲಿನೇಯಸ್ ಪಾಲಿಯಾಂಥಸ್ ಟ್ಯೂಬರೋಸಾ ಅಂತ ಹೆಸರಿಟ್ಟರು. ಬೆಳೆ ಕೈಪಿಡಿಗಳಲ್ಲಿ ನಾವು ಓದಿದ್ದು ಅದೇ ಹೆಸರು. 2017ರಲ್ಲಿ ಅದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿ ಅಗಾವೆ ಅಮೀಕಾ ಅಂತ ಮಾಡಿದರು. ಬೇಲಿಯಲ್ಲಿ ಮುಳ್ಳು ಚಾಚಿ ನಿಂತ ಕತ್ತಾಳೆ, ದೇವರ ಮುಡಿಗೇರುವ ಸುಗಂಧರಾಜ, ಎರಡೂ ಒಂದೇ ಕುಲ. ಡಿಎನ್‌ಎ ಹೇಳಿದ್ದು ಅದು. ಮಾರುಕಟ್ಟೆಯಲ್ಲಿ ಒಂದು ರೂಪಾಯಿ ದರವೂ ಇದರಿಂದ ಬದಲಾಗಲಿಲ್ಲ. ಬದಲಾಗಬೇಕಾಗಿಯೂ ಇಲ್ಲ.

ಒಂದೇ ಹೆಸರು, ಎರಡು ಗಡ್ಡೆ

ಕುಟುಂಬದ ಹೆಸರು ಬದಲಾದರೆ ಹೆಚ್ಚು ನಷ್ಟವಿಲ್ಲ. ತೊಂದರೆ ಬರುವುದು ಕುಲ ಮತ್ತು ಪ್ರಭೇದದ ಹೆಸರಿನಲ್ಲಿ. ಕಾಡು ಈರುಳ್ಳಿಯನ್ನೇ ನೋಡಿ. ಕಂಪನಿ ಕಾಲದ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಇದಕ್ಕೆ ಸಿಲ್ಲಾ ಇಂಡಿಕಾ ಅಂತ ಹೆಸರಿಟ್ಟರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1832ರಲ್ಲಿ. 1843ರಲ್ಲಿ ಕುಂಟ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಅರ್ಜಿನಿಯಾ ಇಂಡಿಕಾ ಅಂತ ಮಾಡಿದರು. 1977ರಲ್ಲಿ ಜೆಸಪ್ ಎಂಬ ಸಸ್ಯಶಾಸ್ತ್ರಜ್ಞ ಅರ್ಜಿನಿಯಾವನ್ನು ಡ್ರಿಮಿಯಾದೊಳಗೆ ಸೇರಿಸಿದರು. ಡ್ರಿಮಿಯಾ ಇಂಡಿಕಾ ಆಯಿತು. ಆಸ್ಟ್ರಿಯಾದ ಸ್ಪೆಟಾ ಇದನ್ನು ಒಪ್ಪಲಿಲ್ಲ. ಅವರು ಭಾರತದ ಈ ಗಿಡಕ್ಕೆಂದೇ ಇಂದುರ್ಜಿಯಾ ಅನ್ನುವ ಹೊಸ ಕುಲ ಕಟ್ಟಿದರು. ಈ ಇಡೀ ಗುಂಪಿನಲ್ಲಿ ಎಷ್ಟು ಕುಲಗಳಿವೆ ಎಂದರೆ ಕೆಲವರು ಸುಮಾರು 30 ಅಂತಾರೆ, ಕೆಲವರು ಸುಮಾರು 70. ಕೂಡಿಸುವವರು, ಒಡೆಯುವವರು ಇಬ್ಬರೂ ಇದ್ದಾರೆ.

ಇದಕ್ಕಿಂತ ದೊಡ್ಡ ಗೋಜಲು ಲೆಡೆಬೋರಿಯಾದ್ದು. 1821ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಆಲ್ಬ್ರೆಕ್ಟ್ ರಾತ್ ಭಾರತದಿಂದ ಹೋದ ಒಣ ಗಿಡಗಳನ್ನು ನೋಡಿ ಈ ಕುಲವನ್ನು ಹೊಸದಾಗಿ ವರ್ಣಿಸಿದರು. ಆ ಗಿಡಗಳನ್ನು ಕಳಿಸಿದವರು ಬೆಂಜಮಿನ್ ಹೈನ್, ಕಂಪನಿ ಸರ್ಕಾರದ ಸಸ್ಯಶಾಸ್ತ್ರಜ್ಞ. ಟಿಪ್ಪು ಸತ್ತ ನಂತರ ಮೈಸೂರು ಸೀಮೆಯ ಸರ್ವೆ ತಂಡದಲ್ಲಿದ್ದವರು. ಆಮೇಲೆ 19ನೇ ಶತಮಾನದಲ್ಲೇ ಬೇಕರ್ ಎಂಬ ಇಂಗ್ಲಿಷ್ ತಜ್ಞ ಲೆಡೆಬೋರಿಯಾ ಬೇಡ, ಇದು ಸಿಲ್ಲಾ ಕುಲದ್ದೇ ಅಂದರು. ಅವರು ಕೊಟ್ಟ ಹೆಸರೂ ಸಿಲ್ಲಾ ಇಂಡಿಕಾ! ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಕೋಶದಲ್ಲಿ ಅದೇ ಹೆಸರು ಅಚ್ಚಾಯಿತು. ಅಂದರೆ ರಾಕ್ಸ್‌ಬರ್ಗ್ ಅವರ ಸಿಲ್ಲಾ ಇಂಡಿಕಾ ಎಂದರೆ ಕಾಡು ಈರುಳ್ಳಿ. ಬೇಕರ್ ಅವರ ಸಿಲ್ಲಾ ಇಂಡಿಕಾ ಎಂದರೆ ಚುಕ್ಕೆ ಎಲೆಯ ಸಣ್ಣ ಗಡ್ಡೆ. 1970ರಲ್ಲಿ ಜೆಸಪ್ ಲೆಡೆಬೋರಿಯಾ ಹೆಸರನ್ನು ವಾಪಸ್ ತರುವವರೆಗೆ ಈ ಗೋಜಲು ಉಳಿಯಿತು. ಸಸ್ಯದ ಹೆಸರಿನ ಪಕ್ಕ ಹೆಸರಿಟ್ಟವರ ಹೆಸರನ್ನೂ ಬರೆಯುವುದು ಯಾಕೆ ಅಂತ ವಿದ್ಯಾರ್ಥಿಗಳು ಕೇಳುತ್ತಾರಲ್ಲ, ಇದೇ ಅದಕ್ಕೆ ಉತ್ತರ.

ಹಳೇ ಔಷಧಿ ಪುಸ್ತಕಗಳು ಈ ಎರಡೂ ಗಡ್ಡೆಯನ್ನು 'ಸ್ಕ್ವಿಲ್' ಅಂತ ಕರೆದವು. ಒಂದರ ಬದಲು ಇನ್ನೊಂದು ಅಂಗಡಿಗೆ ಬರುತ್ತಿತ್ತು. ಇದು ಸಣ್ಣ ಮಾತಲ್ಲ. ಕಾಡು ಈರುಳ್ಳಿಯಲ್ಲಿ ಬ್ಯೂಫಾಡಿಯೆನೊಲೈಡ್ ಅನ್ನುವ ವಸ್ತುಗಳಿವೆ. ಇವು ನೇರವಾಗಿ ಹೃದಯದ ಬಡಿತದ ಮೇಲೆ ಕೆಲಸ ಮಾಡುತ್ತವೆ. ಬಹಳ ಸಣ್ಣ ಪ್ರಮಾಣದಲ್ಲಿ ಕಫ ಕರಗಿಸುವ ಔಷಧಿ. ಸ್ವಲ್ಪ ಜಾಸ್ತಿಯಾದರೆ ವಾಂತಿ, ಇನ್ನೂ ಜಾಸ್ತಿಯಾದರೆ ಹೃದಯದ ಲಯವೇ ತಪ್ಪುತ್ತದೆ. ಮೆಡಿಟರೇನಿಯನ್ ಕಡೆಯ ಇದರ ಸಂಬಂಧಿ ಗಡ್ಡೆಯಿಂದ ಇಲಿ ಪಾಷಾಣವನ್ನೇ ಮಾಡುತ್ತಿದ್ದರು. ಲೆಡೆಬೋರಿಯಾದ ರಸಾಯನವೇ ಬೇರೆ. ಅದರಲ್ಲಿರುವುದು ಹೋಮೊಐಸೊಫ್ಲೇವನೋನ್ ಗುಂಪಿನ ವಸ್ತುಗಳು.

ಇಲ್ಲಿ ವರ್ಗೀಕರಣದ ಬೆಲೆ ಎದ್ದು ಕಾಣುತ್ತದೆ. ಸಿಲ್ಲಾಯ್ಡೀಯಲ್ಲಿ ನಾಲ್ಕು ಪಂಗಡಗಳು. ಒಂದು ದಕ್ಷಿಣ ಅಮೆರಿಕಕ್ಕೆ ಸೀಮಿತ. ಉಳಿದ ಮೂರಕ್ಕೂ ನಮ್ಮ ಒಣ ಬಯಲಿನಲ್ಲಿ ಒಬ್ಬೊಬ್ಬ ಪ್ರತಿನಿಧಿ ಇದ್ದಾರೆ. ಡ್ರಿಮಿಯಾ ಒಂದು ಪಂಗಡ, ಅಲ್ಲಿ ಬ್ಯೂಫಾಡಿಯೆನೊಲೈಡ್. ಡಿಪ್ಕಾಡಿ ಇನ್ನೊಂದು ಪಂಗಡ, ಅದರ ಆಫ್ರಿಕಾದ ನೆಂಟರ ಪೈಕಿ ಕೆಲವರಲ್ಲಿ ಕಾರ್ಡಿನೊಲೈಡ್ ಅನ್ನುವ ಬೇರೆ ಬಗೆಯ ಹೃದಯ ವಿಷ. ಲೆಡೆಬೋರಿಯಾ ಮೂರನೆಯದು, ನಿಜವಾದ ಹಯಸಿಂತ್ ಇರುವ ಪಂಗಡವೇ ಅದು. ಡಿಎನ್‌ಎ ನೋಡಿ ಗಿಡಗಳನ್ನು ವಿಂಗಡಿಸಿದರೆ ವಿಷವೂ ಬಹುಮಟ್ಟಿಗೆ ಹಾಗೇ ವಿಂಗಡವಾಗುತ್ತದೆ. ಸರಿಯಾದ ಪಂಗಡ ಗೊತ್ತಾದರೆ ಗಡ್ಡೆಯೊಳಗೆ ಏನಿರಬಹುದು ಅಂತ ಮುಂಚೆಯೇ ಊಹಿಸಬಹುದು. ಹೆಸರು ಬದಲಾವಣೆಯನ್ನು ಕೆಲಸವಿಲ್ಲದವರ ಕೆಲಸ ಅನ್ನುವವರು ಇದನ್ನು ಗಮನಿಸಬೇಕು.

ಕಾಡು ಈರುಳ್ಳಿ ಒಂದೇ ಗಿಡವೂ ಅಲ್ಲ. ಇದರ ಮೂಲ ಕ್ರೋಮೋಸೋಮ್ ಸಂಖ್ಯೆ 10. ಭಾರತದಲ್ಲಿ 20 ಇರುವ ಗಿಡಗಳೂ ಇವೆ, 30 ಇರುವವೂ ಇವೆ, 40 ಇರುವವೂ ಇವೆ. 30 ಇರುವವು ಸರಿಯಾಗಿ ಬೀಜ ಕಟ್ಟುವುದು ಕಷ್ಟ. ಅವು ಹೆಚ್ಚಾಗಿ ಮರಿ ಗಡ್ಡೆಯಿಂದಲೇ ಹರಡಬೇಕು. ಅಂಥ ಒಂದು ಗುಂಪನ್ನು ಜೆಸಿಬಿ ಎತ್ತಿಹಾಕಿದರೆ ಪಕ್ಕದ ಗುಡ್ಡದಿಂದ ಬೀಜ ಹಾರಿ ಬಂದು ಮತ್ತೆ ಬೆಳೆಯುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ.

ಸಮೀಕ್ಷೆಯ ಕಣ್ಣಿಗೆ ಬೀಳದ ಗಿಡ

ಈ ಗಿಡ ಕಾಣುವ ರೀತಿಯೇ ವಿಚಿತ್ರ. ಯುಗಾದಿ ಕಳೆದು ಬಿಸಿಲು ಏರುತ್ತಿರುವಾಗ, ಹುಲ್ಲೆಲ್ಲ ಒಣಗಿ ನೆಲ ಬಿರಿದಿರುವಾಗ, ಕಲ್ಲುಗಳ ನಡುವೆ ಒಂದು ಬೋಳು ದಂಟು ಏಳುತ್ತದೆ. ಒಂದು ಎಲೆಯೂ ಇಲ್ಲ. ಮೊಣಕಾಲು ಎತ್ತರ, ಕೆಲವೊಮ್ಮೆ ಸೊಂಟದ ತನಕ. ಅದರ ಮೇಲೆ ದೂರ ದೂರ ಹೂವು. ಒಂದೊಂದಕ್ಕೂ ಉದ್ದ ಸಣ್ಣ ತೊಟ್ಟು, ತಲೆ ಕೆಳಗೆ. ದಳದ ಬಣ್ಣ ಮಾಸಲು ಬಿಳಿ, ನಡುವೆ ಹಸಿರು ಕಂದು ಗೆರೆ. ಅರಳುವುದು ಕತ್ತಲಾದ ಮೇಲೆ. ಬೆಳಗಾಗುವ ಹೊತ್ತಿಗೆ ಆ ಹೂವಿನ ಕೆಲಸ ಮುಗಿದು ಮುದುಡಿರುತ್ತದೆ. ಮರುದಿನ ಸಂಜೆ ಅದರ ಮೇಲಿನವು ಅರಳುತ್ತವೆ. ಹಗಲು ಹೊತ್ತಿನಲ್ಲಿ ಹಾದು ಹೋಗುವವರಿಗೆ ಒಣ ಕಡ್ಡಿ ಕಂಡ ಹಾಗೆ ಅಷ್ಟೆ. ಆಮೇಲೆ ಕಾಯಿ ಒಡೆದು, ಕಪ್ಪನೆಯ ಚಪ್ಪಟೆ ಬೀಜ ಗಾಳಿಗೆ ಬೀಳುತ್ತವೆ. ಮಳೆ ಹಿಡಿದ ಮೇಲೆ ಮಾತ್ರ ಎಲೆ ಬರುತ್ತದೆ. ಅಷ್ಟು ಹೊತ್ತಿಗೆ ಹೂದಂಟು ಹೋಗಿರುತ್ತದೆ. ಹೂವು ನೋಡಿದವರು ಎಲೆ ನೋಡಿರುವುದಿಲ್ಲ, ಎಲೆ ನೋಡಿದವರು ಹೂವು ನೋಡಿರುವುದಿಲ್ಲ. ಚಳಿಗಾಲ ಮುಗಿಯುವಾಗ ನೆಲದ ಮೇಲೆ ಏನೂ ಉಳಿಯುವುದಿಲ್ಲ.

ಲೆಡೆಬೋರಿಯಾದ್ದು ಇನ್ನೊಂದು ಬಗೆ. ಮೊದಲ ಮಳೆ ಬಿದ್ದ ಮೇಲೆ ನೆಲಕ್ಕೆ ಅಂಟಿದ ಹಾಗೆ ಎಲೆ ಬಿಡುತ್ತದೆ, ಎಲೆ ಮೇಲೆ ನೇರಳೆ ಚುಕ್ಕೆ. ಎಲೆಯ ತುದಿ ಮಣ್ಣು ಮುಟ್ಟಿದ ಕಡೆ ಬೇರು ಬಿಟ್ಟು ಅಲ್ಲೇ ಒಂದು ಮರಿ ಗಡ್ಡೆ ಕಟ್ಟಿಕೊಳ್ಳುವುದೂ ಉಂಟು.

ಈಗ ಪಂಚಾಯಿತಿಯ ದಾಖಲೆಗೆ ಬರೋಣ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ವರ್ಷಗಟ್ಟಲೆ ಇದು ಕುಂಟುತ್ತಾ ಸಾಗಿತ್ತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು. ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂದಿತು. ದೇಶದಾದ್ಯಂತ ದಾಖಲಾತಿಗಳ ಸಂಖ್ಯೆ ಒಮ್ಮೆಲೇ ಏರಿತು. ಅವಸರದಲ್ಲಿ ತುಂಬಿಸಿದ್ದಾರೆ ಅನ್ನುವ ಟೀಕೆಯೂ ಬಂತು. ಗಡುವು ಬಿದ್ದ ತಿಂಗಳನ್ನು ಗಮನಿಸಿ. ಜನವರಿಯಲ್ಲಿ ಗೋಮಾಳಕ್ಕೆ ಹೋಗಿ ನೋಡಿದರೆ ಕಾಡು ಈರುಳ್ಳಿಯ ಹೂವು ಇರುವುದಿಲ್ಲ. ಒಣಗಿದ ಎಲೆಯೂ ಇದ್ದರೆ ಇತ್ತು. ಬೇವು, ಹೊಂಗೆ, ಹುಣಸೆ, ಲಂಟಾನ ಯಾವಾಗ ಹೋದರೂ ಕಾಣುತ್ತವೆ. ಗಡ್ಡೆ ಗಿಡ ಕಾಣಬೇಕಾದರೆ ಅದರ ಕಾಲಕ್ಕೆ ಹೋಗಬೇಕು.

2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬೆಳೆಸಿದ ಔಷಧಿ ಗಿಡಗಳಿಗೆ ಕೆಲವು ವಿನಾಯಿತಿ ಕೊಟ್ಟರು. ಇದು ಕಾಡಿನದಲ್ಲ, ಬೆಳೆಸಿದ್ದು ಎನ್ನುವುದಕ್ಕೆ ಇದೇ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ಅಂದರೆ ಮೂಟೆಯಲ್ಲಿರುವ ಗಡ್ಡೆ ಯಾವುದು, ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕಾದವರು ಗ್ರಾಮ ಪಂಚಾಯಿತಿಯ ಜನ. ಅವರ ಕೈಯಲ್ಲಿರುವ ದಾಖಲೆಯಲ್ಲಿ ಆ ಗಡ್ಡೆಯೇ ಇಲ್ಲದಿದ್ದರೆ, ಅಥವಾ ಒಂದು ಕಡೆ ಅರ್ಜಿನಿಯಾ, ಪಕ್ಕದ ಪಂಚಾಯಿತಿಯಲ್ಲಿ ಡ್ರಿಮಿಯಾ, ಇನ್ನೊಂದು ಕಡೆ ಸಿಲ್ಲಾ ಅಂತ ಇದ್ದರೆ, ಅವರು ಏನಂತ ಸಹಿ ಹಾಕಬೇಕು? ಇದನ್ನು ಅವರ ತಪ್ಪು ಅನ್ನಲಾಗದು. ಸರಿಯಾದ ಹೆಸರು ಹೇಳಿಕೊಡುವ ಕೆಲಸ ನಮ್ಮಂಥ ಓದಿದವರದ್ದಾಗಿತ್ತು.

ನೆಲದ ವರ್ಗೀಕರಣದಲ್ಲಿ ಇಷ್ಟು ಚರ್ಚೆಯೂ ಇಲ್ಲ. ಭೂಕಂದಾಯ ನಿಯಮದಲ್ಲಿ ಗೋಮಾಳ ಎಷ್ಟಿರಬೇಕು ಅನ್ನುವುದಕ್ಕೆ ಲೆಕ್ಕ ಇದೆ. 100 ರಾಸುಗಳಿಗೆ 30 ಎಕರೆ. ರಾಸು ಕಡಿಮೆಯಾದರೆ ಉಳಿದದ್ದು ಹೆಚ್ಚುವರಿ. ಆ ಹೆಚ್ಚುವರಿ ಬಗರ್ ಹುಕುಂ ಅರ್ಜಿಗೆ, ನಿವೇಶನಕ್ಕೆ, ಕೈಗಾರಿಕೆಗೆ, ಕಸದ ಘಟಕಕ್ಕೆ ಹೋಗಬಹುದು. ಭೂಮಿ ಇಲ್ಲದವರಿಗೆ ಭೂಮಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕದಲ್ಲಿ ದನ ಮಾತ್ರ ಇದೆ. ಆ 30 ಎಕರೆಯಲ್ಲಿ ದನ ತಿನ್ನದ ಗಿಡ ಏನಿದೆ ಅನ್ನುವ ಕಾಲಂ ಇಲ್ಲ. ಕಾಡು ಈರುಳ್ಳಿಯನ್ನು ದನ ತಿನ್ನುವುದಿಲ್ಲ, ವಿಷ. ಹಾಗಾಗಿ ಈ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಕೇಂದ್ರ ಸರ್ಕಾರದ ಬಂಜರು ಭೂಮಿಯ ನಕ್ಷೆಯಲ್ಲೂ ಕುರುಚಲು ಪೊದೆಯ ನೆಲವನ್ನು ಬಂಜರು ಅಂತಲೇ ಎಣಿಸುತ್ತಾರೆ. ಹಯಸಿಂತ್ ಗುಂಪಿನ ಗಿಡಗಳಿಗೆ ಬೇಕಾದದ್ದು ಅಂಥದ್ದೇ ನೆಲ. ದಕ್ಷಿಣ ಆಫ್ರಿಕಾ ಮತ್ತು ಮೆಡಿಟರೇನಿಯನ್, ಇವೆರಡೂ ಈ ಗುಂಪಿನ ದೊಡ್ಡ ತವರು. ಅಲ್ಲೂ ವರ್ಷಕ್ಕೆ ಕೆಲವು ತಿಂಗಳು ನೆಲ ಒಣಗುತ್ತದೆ. ಒಣಗುವ ನೆಲದಲ್ಲಿ ಬದುಕಲೆಂದೇ ಗಡ್ಡೆ. ನೀರು ನಿಲ್ಲಿಸಿ, ಗುಂಡಿ ತೋಡಿ, ನೀಲಗಿರಿ ಅಥವಾ ಅಕೇಶಿಯಾ ನೆಟ್ಟು 'ಬಂಜರು ಹಸಿರಾಯಿತು' ಅಂತ ನಾವು ಸಂತೋಷಪಟ್ಟ ಕಡೆಯೆಲ್ಲ ಈ ಗಿಡಗಳಿಗೆ ಬೇಕಾದ ಬಿಸಿಲೂ ಬಯಲೂ ಹೋಗಿದೆ.

ಪಾವಗಡದ ಸೋಲಾರ್ ಪಾರ್ಕ್ ದೊಡ್ಡ ಉದಾಹರಣೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರೈತರಿಂದ ಜಮೀನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಬರದಲ್ಲಿ ಬೆಂದ ತಾಲ್ಲೂಕಿಗೆ ಎಕರೆಗೆ ಇಷ್ಟು ಅಂತ ವರ್ಷ ವರ್ಷ ಹಣ ಬರುವುದು ಸಣ್ಣ ವಿಷಯ ಅಲ್ಲ, ಅದನ್ನು ನಾನು ವಿರೋಧಿಸುವುದಿಲ್ಲ. ನನ್ನ ತಕರಾರು ಬೇರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸೋಲಾರ್ ಫಲಕದ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ. ನೆಲ ಸಮ ಮಾಡುವ ಮೊದಲು ಅದರಲ್ಲಿ ಏನಿತ್ತು ಅಂತ ಕೇಳುವ ಕಟ್ಟಳೆಯೇ ಇಲ್ಲ. ಇನ್ನು ಮುಂದೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಇಂಥ ಯೋಜನೆಗಳು ಬರುತ್ತವೆ, ಬರಲೂಬೇಕು. ಆಗ ಕೇಳಿದವರಿಗೆ ತೋರಿಸಲು ಪಂಚಾಯಿತಿಯ ದಾಖಲಾತಿಯೊಂದೇ ಕೈಯಲ್ಲಿರುವ ಕಾಗದ.

ಒಳ್ಳೆಯ ಉದಾಹರಣೆಯೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. 798 ಎಕರೆ. ಕೃಷ್ಣಮೃಗ ಕಣ್ಣಿಗೆ ಕಾಣುವ ಪ್ರಾಣಿ, ಚೆಂದದ ಪ್ರಾಣಿ. ಅದರ ನೆಪದಲ್ಲಿ ಬಯಲು ಬಯಲಾಗಿಯೇ ಉಳಿಯಿತು. ಹುಲ್ಲು, ಗಡ್ಡೆ, ಹುಳ ಎಲ್ಲಕ್ಕೂ ಅದರ ನೆರಳು ಸಿಕ್ಕಿತು. ಕೃಷ್ಣಮೃಗ ಇಲ್ಲದ ಗೋಮಾಳಗಳಿಗೆ ಅಂಥ ನೆಪ ಇಲ್ಲ.

ಹಾಗಾದರೆ ಏನು ಮಾಡಬಹುದು? ತುಮಕೂರು ವಿಶ್ವವಿದ್ಯಾಲಯ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಇವೆರಡರ ವ್ಯಾಪ್ತಿಯ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳೇ ಈ ಕೆಲಸ ಮಾಡಬಹುದು. ಪ್ರಾಜೆಕ್ಟ್ ಅಂತ ಹೇಗೂ ಮಾಡಬೇಕಲ್ಲ. ಒಂದು ಗೋಮಾಳಕ್ಕೆ ವರ್ಷಕ್ಕೆ ಎರಡು ಸಲ ಹೋಗಬೇಕು. ಏಪ್ರಿಲ್–ಮೇನಲ್ಲಿ ಸಂಜೆ ಹೊತ್ತು, ಹೂವಿಗೆ. ಆಗಸ್ಟ್ ಸುಮಾರಿಗೆ ಎಲೆಗೆ. ಹೂದಂಟು ಕಂಡ ಕಡೆ ಒಂದು ಕಲ್ಲು ಗುರುತು ಇಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಅದೇ ಗಿಡ ಸಿಗುವುದಿಲ್ಲ. ಗಡ್ಡೆ ಕೀಳಬಾರದು. ಹೂದಂಟು, ಎಲೆ, ಕಾಯಿಯ ಫೋಟೋ, ಜೊತೆಗೆ ಒಂದೇ ಒಂದು ದಂಟನ್ನು ಒಣಗಿಸಿ ಹಾಳೆಗೆ ಅಂಟಿಸಿದರೆ ಸಾಕು. ಗಡ್ಡೆ ಬೇಕೇಬೇಕು ಅಂದರೆ ಒಂದನ್ನು ಸೀಳಿ ಬಿಸಿನೀರಿಗೆ ಅದ್ದಿ ಒತ್ತಬೇಕು, ಹಾಗೇ ಒತ್ತಿದರೆ ಹಾಳೆಯೊಳಗೇ ಚಿಗುರುತ್ತದೆ. ಕೈಗವಸು ಹಾಕಿಕೊಳ್ಳಿ. ಇದರ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಚರ್ಮ ವಿಪರೀತ ಕಡಿಯುತ್ತದೆ.

ದಾಖಲಾತಿಯಲ್ಲಿ ಊರಿನವರು ಕರೆಯುವ ಹೆಸರು ಮೊದಲು ಇರಲಿ, ಕನ್ನಡದ್ದೂ ತೆಲುಗಿನದ್ದೂ. ಆಮೇಲೆ ಡ್ರಿಮಿಯಾ ಇಂಡಿಕಾ, ಪಕ್ಕದಲ್ಲಿ ರಾಕ್ಸ್‌ಬರ್ಗ್ ಮತ್ತು ಜೆಸಪ್ ಇಬ್ಬರ ಹೆಸರು, ಕೆಳಗೆ ಹಳೇ ಹೆಸರು ಅರ್ಜಿನಿಯಾ ಇಂಡಿಕಾ. ಕುಟುಂಬದ ಜಾಗದಲ್ಲಿ ಆಸ್ಪರಾಗೇಸೀ ಬರೆದು, ಸಿಲ್ಲಾಯ್ಡೀ ಉಪಕುಟುಂಬ, ಹಿಂದೆ ಹಯಸಿಂತೇಸೀ ಎಂದು ಸೇರಿಸಿದರೆ ಯಾವ ಕಾಲದ ಪುಸ್ತಕ ಹಿಡಿದು ಬಂದವರಿಗೂ ಅದು ಸಿಗುತ್ತದೆ. ಕೊನೆಗೆ ಆ ಗಿಡ ಇರುವ ಜಮೀನಿನ ಸರ್ವೆ ನಂಬರ್. ಸಸ್ಯಶಾಸ್ತ್ರಜ್ಞರು ಇದನ್ನು ಬರೆಯುವುದೇ ಇಲ್ಲ, ತಾಲ್ಲೂಕು ಕಚೇರಿಯವರು ಇದೊಂದನ್ನೇ ನೋಡುತ್ತಾರೆ.